ಎಸಿ ಇಪ್ಪತ್ತು ನಿಮಿಷ ತಣ್ಣಗೆ, ಆಮೇಲೆ ಬಿಸಿ ಗಾಳಿ. ಎರಡು ಸಲ ಗ್ಯಾಸ್ ತುಂಬಿಸಿದ್ರೂ ಅದೇ ಕಥೆ

ಮಳೆಹನಿ:

ಎಲ್ರಿಗೂ ನಮಸ್ಕಾರ. ಎರಡು ತಿಂಗಳಿಂದ ಕಾರಿನ ಎಸಿ ಜೊತೆ ಒದ್ದಾಡ್ತಿದೀನಿ, ಗೊತ್ತಿರೋರು ದಯವಿಟ್ಟು ಹೇಳಿ. ಗಾಡಿ ಒಂಬತ್ತು ವರ್ಷ ಹಳೇದು, ಪೆಟ್ರೋಲ್, ಎಸಿ ನಾಬ್ ತಿರುಗಿಸೋ ಥರದ್ದು, ಆಟೋಮ್ಯಾಟಿಕ್ ಅಲ್ಲ. ಸ್ಟಾರ್ಟ್ ಮಾಡಿ ಎಸಿ ಹಾಕಿದ್ರೆ ಮೊದಲ ಇಪ್ಪತ್ತು ಇಪ್ಪತ್ತೈದು ನಿಮಿಷ ಚೆನ್ನಾಗೇ ತಣ್ಣಗಿರುತ್ತೆ, ಆಮೇಲೆ ನೋಡ್ತಾ ನೋಡ್ತಾ ಬೆಚ್ಚಗಿನ ಗಾಳಿ ಬರೋಕೆ ಶುರುವಾಗುತ್ತೆ. ಆಫ್ ಮಾಡಿ ಹದಿನೈದು ನಿಮಿಷ ಬಿಟ್ಟು ಹಾಕಿದ್ರೆ ಮತ್ತೆ ತಣ್ಣಗೆ, ಮತ್ತೆ ಹತ್ತು ನಿಮಿಷಕ್ಕೆ ಅದೇ ಕಥೆ.

ಒಂದು ಕಡೆ ತೋರಿಸಿದೆ, ಗ್ಯಾಸ್ ಕಮ್ಮಿ ಇದೆ ಅಂತ ತುಂಬಿಸಿದ್ರು. ವಾರ ಬಿಟ್ಟು ಮತ್ತೆ ಹೋದ್ರೆ ಇನ್ನೊಂದಿಷ್ಟು ತುಂಬಿಸಿದ್ರು. ಈಗ ಗ್ಯಾಸನ್ನ ಒತ್ತಿ ಸುತ್ತಿಸೋ ಕಂಪ್ರೆಸರ್ರೇ ಹೋಗಿದೆ, ಪೂರ್ತಿ ಬದಲಾಯಿಸ್ಬೇಕು ಅಂತಿದಾರೆ. ಅಮ್ಮನ್ನ ವಾರಕ್ಕೆರಡು ಸಲ ಆಸ್ಪತ್ರೆಗೆ ಕರ್ಕೊಂಡು ಹೋಗಿ ಬರ್ಬೇಕು, ಒಂದೂಕಾಲು ಗಂಟೆ ದಾರಿ, ಅರ್ಧ ದಾರೀಲೇ ಎಸಿ ಕೈಕೊಡುತ್ತೆ, ಹಿಂದಿನ ಸೀಟಲ್ಲಿ ಅವ್ರು ಬೆವರಿ ಸುಸ್ತಾಗೋದನ್ನ ಕನ್ನಡೀಲಿ ನೋಡ್ಕೊಂಡು ಗಾಡಿ ಓಡಿಸೋದು ನನ್ಗೆ ಆಗ್ತಿಲ್ಲ. ಕಂಪ್ರೆಸರ್ ಹಾಕಿಸಲೇಬೇಕು ಅಂದ್ರೆ ಹಾಕಿಸ್ತೀನಿ, ಆದ್ರೆ ತೊಂದ್ರೆ ಅಲ್ಲೇ ಇದೆ ಅಂತ ಮೊದ್ಲು ಗೊತ್ತಾಗ್ಬೇಕು. ಮನೇಲಿ ಮಲ್ಟಿಮೀಟರ್ ಇದೆ, ಸ್ವಲ್ಪ ಬಳಸೋಕೆ ಬರುತ್ತೆ.

ಹತ್ತರ ಸ್ಪ್ಯಾನರ್:

ಕಂಪ್ರೆಸರ್ ತಂಟೆಗೆ ಈಗ್ಲೇ ಹೋಗ್ಬೇಡಿ. ಮೊದಲ ಇಪ್ಪತ್ತು ನಿಮಿಷ ಅಷ್ಟು ಚೆನ್ನಾಗಿ ತಣ್ಣಗೆ ಮಾಡೋ ಕಂಪ್ರೆಸರ್ ಒಳಗೆ ಸವೆದು ಹೋಗಿದೆ ಅನ್ನೋದು ನಂಬೋ ಮಾತಲ್ಲ. ಗ್ಯಾಸೂ ಅಷ್ಟೇ, ಕಮ್ಮಿ ಇದ್ರೆ ಶುರುವಿನಿಂದ್ಲೇ ಕೂಲಿಂಗ್ ಸಪ್ಪೆ ಇರುತ್ತೆ, ಇಲ್ಲಾ ಕಂಪ್ರೆಸರ್ ಅರ್ಧರ್ಧ ನಿಮಿಷಕ್ಕೆ ಟಕ್ ಟಕ್ ಅಂತ ಆನ್ ಆಫ್ ಆಗ್ತಿರುತ್ತೆ.

ನಿಮ್ಮ ಗಾಡಿ ಲಕ್ಷಣದಲ್ಲಿ ಒಂದು ಮೋಸ ಇದೆ, ತುಂಬಾ ಜನ ಇಲ್ಲೇ ಎಡವೋದು. ಸ್ವಲ್ಪ ಹೊತ್ತು ಬಿಟ್ರೆ ಸರಿಹೋಗುತ್ತೆ ಅನ್ನೋದು ಮೂರು ಬೇರೆ ಬೇರೆ ಕಾಯಿಲೆಗೂ ಒಂದೇ ಥರ ಹೊಂದುತ್ತೆ. ಮೊದಲನೇದು, ಡ್ಯಾಶ್‌ಬೋರ್ಡ್ ಒಳಗಿರೋ ಕೂಲಿಂಗ್ ಕಾಯಿಲ್ ಮೇಲೆ ಮಂಜು ಕಟ್ಟೋದು. ಅಲ್ಲೊಂದು ಸಣ್ಣ ಸೆನ್ಸರ್ ಇರುತ್ತೆ, ಕಾಯಿಲ್ ಸೊನ್ನೆ ಡಿಗ್ರಿ ಹತ್ರ ಬಂದ ತಕ್ಷಣ ಕಂಪ್ರೆಸರ್ ನಿಲ್ಲಿಸ್ಬೇಕು, ಅದು ಕೆಟ್ರೆ ಕಂಪ್ರೆಸರ್ ಓಡ್ತಾನೇ ಇರುತ್ತೆ, ಕಾಯಿಲ್ ಮೇಲೆ ಐಸ್ ಗೋಡೆ ಏಳುತ್ತೆ, ಗಾಳಿ ತೂರೋಕೆ ಜಾಗ ಇರಲ್ಲ. ಎರಡನೇದು, ಸಿಸ್ಟಮ್ ಒಳಗೆ ತೇವಾಂಶ ಸೇರಿ, ಕೂಲಿಂಗ್ ಕಾಯಿಲ್‌ಗೆ ಗ್ಯಾಸ್ ಬಿಡೋ ಎಕ್ಸ್‌ಪ್ಯಾನ್ಷನ್ ವಾಲ್ವ್‌ನ ಸಣ್ಣ ತೂತಲ್ಲಿ ಹೆಪ್ಪುಗಟ್ಟೋದು. ಮೂರನೇದು, ಕಂಪ್ರೆಸರನ್ನ ಬೆಲ್ಟ್ ಪುಲ್ಲಿಗೆ ಜೋಡಿಸೋ ಕ್ಲಚ್ ಬಿಸಿಯಾದ್ಮೇಲೆ ಹಿಡೀದೇ ಇರೋದು. ಆಫ್ ಮಾಡಿ ಹದಿನೈದು ನಿಮಿಷ ಬಿಟ್ರೆ ಕಾಯಿಲ್ ಮೇಲಿನ ಐಸೂ ಕರಗುತ್ತೆ, ವಾಲ್ವ್ ಒಳಗಿಂದೂ ಕರಗುತ್ತೆ, ಕ್ಲಚ್ಚೂ ತಣ್ಣಗಾಗುತ್ತೆ. ಹಾಗಾಗಿ ಸರಿಹೋದ ಮೇಲೆ ಶೆಡ್ಡಿಗೆ ತಗೊಂಡೋಗಿ ತೋರಿಸಿದ್ರೆ ಯಾರಿಗೂ ಏನೂ ಕಾಣಲ್ಲ, ಕೆಟ್ಟಿರೋ ಆ ಗಳಿಗೇಲೇ ನೋಡ್ಬೇಕು.

ಹೀಗೆ ಮಾಡಿ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ನ್ಯೂಟ್ರಲ್‌ನಲ್ಲಿ ಇಂಜಿನ್ ಓಡ್ತಿರಲಿ, ಎಸಿ ಪೂರ್ತಿ ಹಾಕಿ ಒಳಗಿನ ಗಾಳಿನೇ ಸುತ್ತೋ ಹಾಗೆ ರೀಸರ್ಕ್ಯುಲೇಷನ್ ಇಡಿ. ನಡುವಿನ ವೆಂಟಿಗೆ ಒಂದು ಥರ್ಮಾಮೀಟರ್ ಸಿಕ್ಕಿಸಿ. ಬಿಸಿ ಗಾಳಿ ಶುರುವಾದಾಗ ಆಫ್ ಮಾಡ್ಬೇಡಿ. ಮೊದ್ಲು ವೆಂಟಿಗೆ ಕೈ ಹಿಡಿದು ಗಾಳಿಯ ರಭಸ ಕಮ್ಮಿ ಆಗಿದ್ಯಾ ಅಷ್ಟೇ ಇದ್ಯಾ ನೋಡಿ. ಬ್ಲೋವರ್ ಸದ್ದು ಜೋರಾಗಿದ್ರೂ ಗಾಳಿ ಸಣ್ಣಗಾಗಿದ್ರೆ ಅದು ಐಸ್. ಆಮೇಲೆ ಬಾನೆಟ್ ಎತ್ತಿ ಕಂಪ್ರೆಸರ್ ಮುಂಭಾಗ ನೋಡಿ. ಹೊರಗಿನ ಪುಲ್ಲಿ ಬೆಲ್ಟ್ ಜೊತೆ ಯಾವಾಗ್ಲೂ ತಿರುಗ್ತಿರುತ್ತೆ, ಅದ್ರ ಮುಂದಿರೋ ಪ್ಲೇಟ್ ಕ್ಲಚ್ ಹಿಡಿದಾಗ ಮಾತ್ರ ತಿರುಗುತ್ತೆ. ಬಿಸಿ ಗಾಳಿ ಬರ್ತಿರುವಾಗ ಆ ಪ್ಲೇಟ್ ನಿಂತಿದ್ಯಾ ತಿರುಗ್ತಿದ್ಯಾ ಅಷ್ಟು ಹೇಳಿ, ಮುಕ್ಕಾಲು ಉತ್ತರ ಅಲ್ಲೇ ಇದೆ. ಬೆಲ್ಟ್ ಹತ್ರ ಕೈ, ಕೂದಲು, ಬಟ್ಟೆ ಯಾವುದೂ ಹೋಗ್ಬಾರ್ದು, ರೇಡಿಯೇಟರ್ ಫ್ಯಾನ್ ತಾನಾಗೇ ಶುರುವಾಗುತ್ತೆ ಅದ್ನೂ ನೆನಪಿಟ್ಕೊಳ್ಳಿ.

ದೂರದಾರಿ:

ಫ್ಯಾನ್ ಅಂದಿದ್ದಕ್ಕೆ ಹೇಳ್ತೀನಿ, ನನ್ನ ಗಾಡೀಲಿ ಓಡ್ತಿರುವಾಗ ತಣ್ಣಗೆ, ಸಿಗ್ನಲ್‌ನಲ್ಲಿ ನಿಂತ್ರೆ ಬಿಸಿ. ನಾನೂ ಗ್ಯಾಸ್ ಅಂತಾನೇ ತಿಂಗಳುಗಟ್ಲೆ ಅಲೆದೆ. ಕೊನೆಗೆ ನೋಡಿದ್ರೆ ಕಂಡೆನ್ಸರ್ (ಗ್ಯಾಸಿನ ಬಿಸಿ ಹೊರಗೆ ಬಿಡೋ, ಗಾಡಿ ಮುಂದಿರೋ ಜಾಲರಿ) ಫ್ಯಾನ್ ಮೋಟರಿನ ಬ್ರಶ್ ಸವೆದಿತ್ತು. ಗಾಡಿ ಓಡುವಾಗ ಎದುರು ಗಾಳೀನೇ ಕಂಡೆನ್ಸರ್ ತಣ್ಣಗೆ ಮಾಡುತ್ತೆ, ನಿಂತಾಗ ಫ್ಯಾನೇ ಗತಿ, ಅದು ತಿರುಗದಿದ್ರೆ ಒತ್ತಡ ಏರಿ ಪ್ರೆಶರ್ ಸ್ವಿಚ್ ಕಂಪ್ರೆಸರ್ ನಿಲ್ಲಿಸುತ್ತೆ. ಎಸಿ ಹಾಕಿದ ಮೇಲೆ ಫ್ಯಾನ್ ತಿರುಗುತ್ತಾ ಅದನ್ನೂ ಒಮ್ಮೆ ನೋಡಿ. ಕಂಡೆನ್ಸರ್ ರೆಕ್ಕೆಗಳಲ್ಲಿ ಹುಳ ಧೂಳು ಕಸ ತುಂಬಿದ್ರೂ ಇದೇ ಗತಿ, ಮೆಲ್ಲಗೆ ನೀರು ಬಿಟ್ಟು ತೊಳೀಬಹುದು, ಜೋರು ಪ್ರೆಶರ್ ಬಿಟ್ರೆ ರೆಕ್ಕೆ ಮಡಚಿಕೊಳ್ಳುತ್ತೆ.

ಧೂಳು ರಸ್ತೆ:

ಗ್ಯಾಸ್ ಬಗ್ಗೆ ನಂದೊಂದು ಮಾತು ಕೇಳ್ರಿ. ಗ್ಯಾಸ್ ಅನ್ನೂದು ಪೆಟ್ರೋಲ್ ಇದ್ದಂಗ ಉರಿದು ಖರ್ಚಾಗೂದಲ್ರಿ, ಒಳಗ ಸುತ್ತು ಹೊಡೀತಿರ್ತೈತಿ ಅಷ್ಟ. ವರ್ಷಾನುಗಟ್ಲೆ ಹೋಸ್ ಮತ್ತು ಸೀಲಿನಿಂದ ಚೂರುಪಾರು ಹೋಗ್ತೈತಿ ಖರೇ, ಆದ್ರ ಒಂದ ವಾರದಾಗ ಕಮ್ಮಿ ಆತು ಅಂದ್ರ ಲೀಕ್ ಐತಿ ಅಂತ ಅರ್ಥ. ಲೀಕ್ ಹುಡುಕಲಾರದ ಮ್ಯಾಲಿಂದ ಮ್ಯಾಲ ತುಂಬಿದ್ರ ಏನ್ ಬಂತ್ರಿ?

ಇನ್ನ ಗೇಜ್ ಹಚ್ಚಿ ಗ್ಯಾಸ್ ಎಷ್ಟೈತಿ ಅಂತ ಹೇಳೂದು ಸುಳ್ಳು ಲೆಕ್ಕ. ಇಂಜಿನ್ ಬಂದ್ ಇದ್ದಾಗ 30 ಡಿಗ್ರಿ ಬಿಸಿಲಿನ್ಯಾಗ ಕಾರ್ ಎಸಿಗೆ ಹಾಕೂ ಆರ್134ಎ ಗ್ಯಾಸ್ ಸುಮಾರು 95 ಪಿಎಸ್ಐ ಒತ್ತಡ ತೋರಸ್ತೈತಿ, ಒಳಗ 200 ಗ್ರಾಂ ಇರ್ಲಿ 600 ಗ್ರಾಂ ಇರ್ಲಿ, ದ್ರವ ರೂಪದಾಗ ಒಂದಿಷ್ಟು ಉಳಿದಿದ್ರ ಮುಳ್ಳು ಅಲ್ಲೇ ನಿಲ್ತೈತಿ. ಬಾನೆಟ್ ಕೆಳಗ ಅಂಟಿಸಿರೂ ಲೇಬಲ್‌ನ್ಯಾಗ ಎಷ್ಟು ಗ್ರಾಂ ಅಂತ ಬರದಿರ್ತಾರ, ಪೂರಾ ತಗದು ತೂಕ ಮಾಡಿ ಅಷ್ಟ ಹಾಕ್ಬೇಕ್ರಿ. ಹಾಕೂಕಿಂತ ಮೊದಲ ಅರ್ಧ ಗಂಟೆ ವ್ಯಾಕ್ಯೂಮ್ ಎಳೀಬೇಕು, ಅಂದ್ರ ಪಂಪ್ ಹಚ್ಚಿ ಒಳಗಿನ ಗಾಳಿ ತಗೀಬೇಕು. ಒಳಗಿನ ಒತ್ತಡ ಹೊರಗಿನ ಗಾಳಿ ಒತ್ತಡದ ಇಪ್ಪತ್ತೈದನೇ ಒಂದು ಪಾಲಿಗೆ ಇಳೀತು ಅಂದ್ರ 30 ಡಿಗ್ರಿಯೊಳಗ ನೀರು ಕುದ್ದು ಆವಿ ಆಗಿ ಹೊರಗ ಹೋಗ್ತೈತಿ, ಆ ವಾಲ್ವಿನ್ಯಾಗ ಹೆಪ್ಪುಗಟ್ಟೂ ತೇವ ತೆಗೆಯೂ ದಾರಿ ಅದೊಂದ. ನಿಮಗ ಎರಡು ಸಲ ಹಾಕ್ದಾಗ ತೂಕ ಮಾಡಿದ್ರಾ, ವ್ಯಾಕ್ಯೂಮ್ ಹಾಕಿದ್ರಾ?

ಮಳೆಹನಿ:

ತೂಕನೂ ಇಲ್ಲ ವ್ಯಾಕ್ಯೂಮೂ ಇಲ್ಲ, ಪೈಪ್ ಸಿಕ್ಕಿಸಿ ಹತ್ತು ನಿಮಿಷದಲ್ಲಿ ಮುಗಿಸಿದ್ರು.

ಇವತ್ತು ಬೆಳಿಗ್ಗೆ ಹೇಳಿದ ಹಾಗೆ ಮಾಡಿದೆ. ಶುರುವಲ್ಲಿ ವೆಂಟ್ 8 ಡಿಗ್ರಿ. ಇಪ್ಪತ್ತಾರನೇ ನಿಮಿಷಕ್ಕೆ ಏರೋಕೆ ಶುರುವಾಯ್ತು, ಮೂರ್ನಾಲ್ಕು ನಿಮಿಷದಲ್ಲಿ 25. ಗಾಳಿಯ ರಭಸ ಒಂಚೂರೂ ಕಮ್ಮಿ ಆಗ್ಲಿಲ್ಲ. ಫ್ಯಾನ್ ತಿರುಗ್ತಿತ್ತು. ಬಾನೆಟ್ ಎತ್ತಿ ಟಾರ್ಚ್ ಹಾಕಿ ನೋಡಿದ್ರೆ ಪುಲ್ಲಿ ತಿರುಗ್ತಿದೆ, ಮುಂದಿನ ಪ್ಲೇಟ್ ನಿಂತಿದೆ! ಮೂರು ಸ್ಕ್ರೂ ತಲೆ ಸ್ಪಷ್ಟವಾಗಿ ಕಾಣ್ತಿದ್ವು. ಹಾಗಾದ್ರೆ ಮೂರನೇದೇ ಅಲ್ವಾ?

ಹತ್ತರ ಸ್ಪ್ಯಾನರ್:

ಬಹಳ ಒಳ್ಳೇ ಕೆಲಸ ಮಾಡಿದ್ರಿ. ಐಸೂ ಅಲ್ಲ, ವಾಲ್ವೂ ಅಲ್ಲ. ವಾಲ್ವ್ ಹೆಪ್ಪುಗಟ್ಟಿದ್ರೆ ಸಾಮಾನ್ಯವಾಗಿ ಪ್ಲೇಟ್ ತಿರುಗ್ತಾ ಇದ್ದು ಗಾಳಿ ಮಾತ್ರ ಬಿಸಿ ಆಗ್ತಿತ್ತು. ಈಗ ಒಂದೇ ಪ್ರಶ್ನೆ, ಕ್ಲಚ್ಚಿಗೆ ಕರೆಂಟೇ ಹೋಗ್ತಿಲ್ವಾ, ಹೋಗ್ತಿದ್ರೂ ಹಿಡೀತಿಲ್ವಾ?

ಪ್ಲೇಟ್ ನಿಂತಿರೋ ಹೊತ್ತಲ್ಲೇ ಕ್ಲಚ್ ಕಾಯಿಲ್‌ಗೆ ಹೋಗೋ ಕನೆಕ್ಟರಲ್ಲಿ ವೋಲ್ಟ್ ಅಳೀಬೇಕು. ಕನೆಕ್ಟರ್ ಕಿತ್ತು ಅಳೀಬೇಡಿ, ಕಿತ್ರೆ ಲೋಡ್ ಇರಲ್ಲ, ಕ್ಲಚ್ಚಿಗೆ ಕರೆಂಟ್ ಬಿಡೋ ರಿಲೇ ಸ್ವಿಚ್ಚಿನ ಕಾಂಟ್ಯಾಕ್ಟ್ ಸುಟ್ಟಿದ್ರೂ ಮೀಟರ್ 12 ತೋರಿಸಿ ನಿಮ್ಮನ್ನ ದಾರಿ ತಪ್ಪಿಸುತ್ತೆ. ಸಿಕ್ಕಿಸಿದ ಹಾಗೇ ಇದ್ದು ಹಿಂದಿನಿಂದ ಪಿನ್ ತೂರಿಸಿ ಅಳೀರಿ, ಪಿನ್‌ಗಳನ್ನ ಇಂಜಿನ್ ನಿಲ್ಲಿಸಿ ಮೊದ್ಲೇ ಸಿಕ್ಕಿಸಿಟ್ಟು ವೈರನ್ನ ಬೆಲ್ಟಿಂದ ದೂರ ಕಟ್ಟಿ. ಸೊನ್ನೆ ಬಂದ್ರೆ ಕಂಪ್ಯೂಟರೋ ಪ್ರೆಶರ್ ಸ್ವಿಚ್ಚೋ ರಿಲೇನೋ ಬೇಕಂತಲೇ ನಿಲ್ಲಿಸ್ತಿದೆ, ಗ್ಯಾಸ್ ಜಾಸ್ತಿ ಆಗಿದ್ರೂ ಹಾಗೆ. ಹನ್ನೆರಡೂವರೆ ಮೇಲೆ ಬಂದ್ರೆ ತಪ್ಪು ಕ್ಲಚ್ಚಿಂದು.

ಕ್ಲಚ್ ಅಂದ್ರೆ ಒಂದು ಆಯಸ್ಕಾಂತ ಅಷ್ಟೇ. ಕಾಯಿಲ್‌ಗೆ ಕರೆಂಟ್ ಬಂದ್ರೆ ಪ್ಲೇಟನ್ನ ಎಳ್ಕೊಂಡು ಪುಲ್ಲಿಗೆ ಅಂಟಿಸುತ್ತೆ. ವರ್ಷಾನುಗಟ್ಲೆ ಉಜ್ಜಿ ಉಜ್ಜಿ ಮುಖ ಸವೀತಾ ಹೋದ ಹಾಗೆ ಎರಡರ ಮಧ್ಯೆ ಗ್ಯಾಪ್ ದೊಡ್ಡದಾಗುತ್ತೆ. ಇನ್ನೊಂದು ಕಡೆ ತಾಮ್ರ ಬಿಸಿಯಾದ್ರೆ ಅದ್ರ ರೆಸಿಸ್ಟೆನ್ಸ್ ಏರುತ್ತೆ, ತಣ್ಣಗಿದ್ದಾಗ ಮೂರೂವರೆ ಓಮ್ ಇರೋ ಕಾಯಿಲ್ ನೂರು ಡಿಗ್ರೀಲಿ ನಾಲ್ಕೂವರೆ ಆಗುತ್ತೆ, ಕರೆಂಟ್ ಕಮ್ಮಿ, ಎಳೆಯೋ ಶಕ್ತಿ ಕಮ್ಮಿ. ತಣ್ಣಗಿದ್ದಾಗ ದೊಡ್ಡ ಗ್ಯಾಪನ್ನೂ ಹೇಗೋ ಎಳ್ಕೊಳ್ಳುತ್ತೆ, ಬಿಸಿಯಾದ್ಮೇಲೆ ಒಮ್ಮೆ ಬಿಟ್ರೆ ಮತ್ತೆ ಹಿಡಿಯೋಕಾಗಲ್ಲ. ನಿಮ್ಮ ಇಪ್ಪತ್ತಾರು ನಿಮಿಷ ಅದೇ ಅಂತ ನನ್ನ ಅನಿಸಿಕೆ.

ಇಂಜಿನ್ ನಿಲ್ಲಿಸಿ ತಣ್ಣಗಾದ್ಮೇಲೆ ಪ್ಲೇಟ್ ಮತ್ತು ಪುಲ್ಲಿ ಮಧ್ಯೆ ಫೀಲರ್ ಗೇಜ್ (ಗ್ಯಾಪ್ ಅಳೆಯೋ ತೆಳು ಉಕ್ಕಿನ ಪಟ್ಟಿ) ತೂರಿಸಿ, ಸುತ್ತಲೂ ಮೂರು ಜಾಗದಲ್ಲಿ. ಹೆಚ್ಚಿನ ಗಾಡಿಗಳಿಗೆ 0.3 ರಿಂದ 0.6 ಮಿಲಿಮೀಟರ್ ಒಳಗೆ ಇರ್ಬೇಕು, ನಿಮ್ಮದಕ್ಕೆ ಎಷ್ಟು ಅಂತ ಸರ್ವಿಸ್ ಮ್ಯಾನುಯಲ್ ನೋಡಿ. ಜಾಸ್ತಿ ಇದ್ರೆ ನಡುವಿನ ಬೋಲ್ಟ್ ಬಿಚ್ಚಿ ಪ್ಲೇಟ್ ಹೊರತೆಗೆದ್ರೆ ಶಾಫ್ಟ್ ಮೇಲೆ ತೆಳು ವಾಷರ್ ಥರದ ಶಿಮ್‌ಗಳು ಇರ್ತವೆ, ಒಂದು ತೆಗೆದ್ರೆ ಗ್ಯಾಪ್ ಅಷ್ಟೇ ಕಮ್ಮಿ ಆಗುತ್ತೆ. ಗ್ಯಾಸ್ ಪೈಪ್ ಯಾವುದನ್ನೂ ಬಿಚ್ಚೋ ಹಾಗಿಲ್ಲ, ಅದಕ್ಕೇ ಈ ಕೆಲಸ ಮನೇಲಿ ಮಾಡಬಹುದು. ಪೈಪ್ ಬಿಚ್ಚೋ ಕೆಲಸ ಮಾತ್ರ ಮನೇಲಿ ಬೇಡ, ಆ ಗ್ಯಾಸ್ ಮೈನಸ್ 26 ಡಿಗ್ರೀಲಿ ಕುದಿಯುತ್ತೆ, ಕಣ್ಣಿಗೋ ಕೈಗೋ ಚಿಮ್ಮಿದ್ರೆ ಚರ್ಮ ಹೆಪ್ಪುಗಟ್ಟುತ್ತೆ.

ಕಿಟಕಿ ಪಕ್ಕ:

ಮಧ್ಯದಲ್ಲಿ ಬಾಯಿ ಹಾಕ್ತಿದೀನಿ ಬೇಜಾರು ಮಾಡ್ಕೋಬೇಡಿ. ನಂದು ಉಲ್ಟಾ, ಹೀಟರ್ ತೊಂದ್ರೆ. ಗಾಡಿ ನಿಂತಿರುವಾಗ ಹೀಟರ್ ತಣ್ಣಗಿನ ಗಾಳಿ, ಆಕ್ಸಿಲರೇಟರ್ ಒತ್ತಿದ್ರೆ ಬಿಸಿ. ಇದೂ ಎಸಿ ಕಡೆಯಿಂದಾನಾ?

ಹತ್ತರ ಸ್ಪ್ಯಾನರ್:

ಅಲ್ಲ, ಹೀಟರ್ ಇಂಜಿನ್ನಿನ ಬಿಸಿ ಕೂಲಂಟಿಂದ ನಡೆಯೋದು. ನಿಮ್ದು ಹೆಚ್ಚಾಗಿ ಕೂಲಂಟ್ ಕಮ್ಮಿ ಆಗಿದೆ ಇಲ್ಲಾ ಒಳಗೆ ಗಾಳಿ ಸೇರಿದೆ. ಇಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ ಮುಚ್ಚಳ ತೆಗೆದು ಮಟ್ಟ ನೋಡಿ, ಬಿಸಿ ಇದ್ದಾಗ ತೆಗೆದ್ರೆ ಮುಖಕ್ಕೆ ಎರಚುತ್ತೆ. ಮಟ್ಟ ಸರಿ ಇದ್ರೆ ಹೀಟರಿಗೆ ಹೋಗೋ ಎರಡು ಹೋಸ್ ಮುಟ್ಟಿ ನೋಡಿ, ಒಂದು ಸುಡ್ತಿದ್ದು ಇನ್ನೊಂದು ತಣ್ಣಗಿದ್ರೆ ಹೀಟರ್ ಕೋರ್ ಕಟ್ಕೊಂಡಿದೆ. ಎರಡೂ ಸುಡ್ತಿದ್ದು ಗಾಳಿ ಮಾತ್ರ ತಣ್ಣಗಿದ್ರೆ ಡ್ಯಾಶ್‌ಬೋರ್ಡ್ ಒಳಗೆ ಬಿಸಿ ತಣ್ಣಗೆ ಬೆರೆಸೋ ಬಾಗಿಲು ತಿರುಗ್ತಿಲ್ಲ. ಕೂಲಂಟ್ ಮತ್ತೆ ಮತ್ತೆ ಕಮ್ಮಿ ಆಗ್ತಿದ್ದು, ಒಳಗೆ ಸಿಹಿ ವಾಸನೆ, ಮುಂದಿನ ಗಾಜಿಗೆ ಜಿಡ್ಡು ಮಂಜು, ಕಾರ್ಪೆಟ್ ಅಂಟಂಟು ಒದ್ದೆ ಅಂದ್ರೆ ಕೋರ್ ಸೋರ್ತಿದೆ, ತಡ ಮಾಡ್ಬೇಡಿ. ಬರೀ ನೀರಿನ ಒದ್ದೆ ಆದ್ರೆ ಅದು ಎಸಿ ನೀರು ಹೊರಗೆ ಹೋಗೋ ಪೈಪ್ ಕಟ್ಟಿರೋದು, ಬೇರೆ ವಿಷಯ.

ಮಳೆಹನಿ:

ನಾಲ್ಕು ದಿನ ಆಯ್ತು, ಎಲ್ಲ ಮುಗಿಸಿ ಓಡಿಸಿ ನೋಡಿ ಬರೀತಿದೀನಿ. ಪ್ಲೇಟ್ ನಿಂತಾಗ ಕನೆಕ್ಟರಲ್ಲಿ 13.6 ವೋಲ್ಟ್ ಇತ್ತು. ಕಾಯಿಲ್ ತಣ್ಣಗಿದ್ದಾಗ 3.6 ಓಮ್, ಬಿಸಿ ಇದ್ದಾಗ 4.5. ಫೀಲರ್ ಗೇಜಲ್ಲಿ 0.6 ಸಲೀಸಾಗಿ ಹೋಯ್ತು, 0.8 ಹೋಯ್ತು, 0.95 ಮೂರೂ ಕಡೆ ಚೂರು ತಿಕ್ಕಿಕೊಂಡು ಹೋಯ್ತು. ಪ್ಲೇಟ್ ಬಿಚ್ಚಿದ್ರೆ ಮುಖದ ಅಂಚಲ್ಲಿ ನೀಲಿ ಬಣ್ಣದ ಸುಟ್ಟ ಕಲೆ, ಜಾರಿ ಜಾರಿ ಬಿಸಿಯಾಗಿದೆ ಅನ್ಸುತ್ತೆ. ಒಳಗೆ ಎರಡು ಶಿಮ್ ಇದ್ವು, ಅರ್ಧ ಮಿಲಿಮೀಟರಿಂದು ಒಂದು ತೆಗೆದೆ. ಈಗ ಗ್ಯಾಪ್ 0.45, ಕೈಯಲ್ಲಿ ಪುಲ್ಲಿ ತಿರುಗಿಸಿದ್ರೆ ಎಲ್ಲೂ ತಾಗಲ್ಲ.

ಆಮೇಲೆ ಬೇರೆ ಕಡೆ ಹೋಗಿ ಗ್ಯಾಸ್ ಪೂರ್ತಿ ತೆಗೆಸಿ ತೂಕ ಮಾಡಿಸಿದೆ. ಲೇಬಲ್‌ನಲ್ಲಿ 480 ಗ್ರಾಂ ಇದೆ, ಮಷೀನಿಗೆ ವಾಪಸ್ ಬಂದಿದ್ದು 610. ಅಷ್ಟು ಜಾಸ್ತಿ ತುಂಬಿ ಕಂಪ್ರೆಸರ್ ಮೇಲೆ ಸುಮ್ನೆ ಹೊರೆ ಹಾಕಿದ್ರು. ಅರ್ಧ ಗಂಟೆ ವ್ಯಾಕ್ಯೂಮ್ ಎಳೆದು ನಿಲ್ಲಿಸಿದ್ರು, ಇನ್ನರ್ಧ ಗಂಟೆ ಮುಳ್ಳು ಅಲ್ಲಾಡಲಿಲ್ಲ, ಲೀಕ್ ಇರೋ ಹಾಗಿಲ್ಲ ಅಂದ್ರು, 480 ಹಾಕಿದ್ರು.

ನಿನ್ನೆ ಆಸ್ಪತ್ರೆಗೆ ಹೋಗಿ ಬಂದ್ವಿ. ಹೋಗ್ತಾ ಬರ್ತಾ ಎರಡೂ ಹೊತ್ತು ವೆಂಟ್ 7, 8 ಬಿಟ್ಟು ಏರಲಿಲ್ಲ. ಅಮ್ಮ ದಾರಿಯುದ್ದಕ್ಕೂ ನಿದ್ದೆ ಮಾಡಿದ್ರು. ನಿಮಗೆಲ್ಲ ಹೇಗೆ ಧನ್ಯವಾದ ಹೇಳ್ಬೇಕೋ ಗೊತ್ತಾಗ್ತಿಲ್ಲ. ಇನ್ನೊಂದೇ ಅನುಮಾನ, ಕಂಪ್ರೆಸರ್ ಕಡೆಯಿಂದ ಸಣ್ಣಗೆ ಗುಂಯ್ ಅನ್ನೋ ಸದ್ದು ಇದೆ, ಎಸಿ ಆಫ್ ಇದ್ರೂ ಇರುತ್ತೆ. ಬಿಟ್ಟರೆ ನಡೆಯುತ್ತಾ?

ಹತ್ತರ ಸ್ಪ್ಯಾನರ್:

ಅಮ್ಮ ನಿದ್ದೆ ಮಾಡಿದ್ರು ಅಂತ ಓದಿ ತುಂಬಾ ಖುಷಿಯಾಯ್ತು. ಎಸಿ ಹಾಕಿದಾಗ ಮಾತ್ರ ಬರೋ ಸದ್ದಾದ್ರೆ ಕಂಪ್ರೆಸರ್ ಒಳಗಿಂದು ಅಂತ ಹೆದರ್ಬೇಕು. ಆಫ್ ಇದ್ದಾಗ್ಲೂ ಇದೆ ಅಂದ್ರೆ ಪುಲ್ಲಿ ಬೇರಿಂಗ್ ಮೇಲೆ ನನ್ನ ಅನುಮಾನ, ಆ ನೀಲಿ ಕಲೆ ಬರೋ ಬಿಸಿಗೆ ಬೇರಿಂಗಿನ ಗ್ರೀಸ್ ಒಣಗಿರುತ್ತೆ. ಅದೇ ಬೆಲ್ಟಲ್ಲಿ ಬೇರೆ ಪುಲ್ಲಿಗಳೂ ಇರೋದ್ರಿಂದ ಬೆಲ್ಟ್ ಬಿಚ್ಚಿ ಒಂದೊಂದೇ ಪುಲ್ಲಿ ಕೈಯಲ್ಲಿ ತಿರುಗಿಸಿ ನೋಡಿ, ಯಾವುದು ಗರಗರ ಅನ್ನುತ್ತೋ ಅದೇ. ಕ್ಲಚ್ ಪುಲ್ಲಿದೇ ಆಗಿದ್ರೆ ಬೇರಿಂಗ್ ಬೇರೆ ಸಿಗುತ್ತೆ, ಇದಕ್ಕೂ ಗ್ಯಾಸ್ ತೆಗೀಬೇಕಾಗಿಲ್ಲ. ಜಾಸ್ತಿ ದಿನ ಬಿಡ್ಬೇಡಿ, ಅದು ಜಾಮ್ ಆದ್ರೆ ಬೆಲ್ಟ್ ಕಿತ್ಕೊಂಡು ಹೋಗುತ್ತೆ, ಅಮ್ಮ ಗಾಡೀಲಿರುವಾಗ ಹಾಗಾಗ್ಬಾರ್ದು.