ಸಾವನದುರ್ಗಕ್ಕೆ ಭಾನುವಾರ ಹೊರಡುವ ಮಾತು

ಚಿಕ್ಕಪ್ಪ (ಫಾರ್ವರ್ಡ್ ಮಾಡಿದ ಸಂದೇಶ): ಯಾವ ಶತ್ರುವಿಗೂ ತಲೆಬಾಗದ ಕೆಂಪೇಗೌಡರ ಸಾವನದುರ್ಗ! 4,000 ಅಡಿ ಹತ್ತಬೇಕಾದ ಈ ಏಕಶಿಲೆಯನ್ನು ಮಳೆಗಾಲದಲ್ಲೇ ಹತ್ತಿ ನೋಡಬೇಕು. ಎಲ್ಲರಿಗೂ ತಲುಪಿಸಿ.

ಚಿಕ್ಕಪ್ಪ: ಬರುವ ಭಾನುವಾರ ಮಕ್ಕಳನ್ನೆಲ್ಲ ಕರೆದುಕೊಂಡು ಹೊರಡೋಣ. ಸದಾ ಮೊಬೈಲ್ ಹಿಡಿದು ಕೂರುವವರಿಗೆ ನಮ್ಮ ನಾಡಪ್ರಭುಗಳ ಶೌರ್ಯ ತಿಳಿಯಲಿ.

ಅಕ್ಕ: ಇದಕ್ಕೆ ಆಧಾರವೇನು, ಚಿಕ್ಕಪ್ಪ? 1728ರಲ್ಲಿ ಮೈಸೂರಿನ ದಳವಾಯಿ ಈ ಕೋಟೆಯನ್ನು ಮಾಗಡಿಯ ಕೆಂಪೇಗೌಡನ ವಂಶದವರಿಂದಲೇ ಕಿತ್ತುಕೊಂಡ. ಆಮೇಲೆ ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಡಿಸೆಂಬರ್ 21ರಂದು, ಕಾರ್ನ್‌ವಾಲಿಸನ ಸೈನ್ಯ ಫಿರಂಗಿಗಳಿಂದ ಗೋಡೆಯೊಡೆದು ಅದನ್ನು ಟಿಪ್ಪುವಿನ ಕೈಯಿಂದ ಹಿಡಿಯಿತು. 4,000 ಅಡಿ ಎಂಬುದು ಸಮುದ್ರಮಟ್ಟದಿಂದ ಲೆಕ್ಕ ಹಾಕಿದ ಎತ್ತರ, ಅಂದರೆ ಸುಮಾರು 1,226 ಮೀಟರ್. ಬೆಟ್ಟದ ಬುಡವೇ ಎತ್ತರದ ಬಯಲಿನಲ್ಲಿರುವುದರಿಂದ ನಾವು ಹತ್ತುವುದು ಅದರಲ್ಲಿ ಒಂದು ಪಾಲು ಮಾತ್ರ. ಇದೆಲ್ಲ ಹಾಗಿರಲಿ, ಮಳೆಗಾಲದಲ್ಲಿ ಹತ್ತಿ ಎಂದಿರುವುದೇ ನನಗೆ ಹೆದರಿಕೆ. ಅದು ಬೋಳು ಬಂಡೆ, ಹಿಡಿದುಕೊಳ್ಳಲು ಒಂದು ಗಿಡವೂ ಸಿಗದ ಇಳಿಜಾರುಗಳಿವೆ, ನೀರು ಹರಿದ ಕಡೆ ಕಪ್ಪಗೆ ಪಾಚಿ ಕಟ್ಟಿರುತ್ತದೆ. ಹತ್ತುವಾಗ ಗೊತ್ತಾಗದ ಜಾರಿಕೆ ಇಳಿಯುವಾಗ ಕಾಲು ಕೀಳುತ್ತದೆ.

ದೊಡ್ಡಪ್ಪ: ಹಿರಿಯರು ಪ್ರೀತಿಯಿಂದ ಒಂದು ಮಾತು ಹಂಚಿಕೊಂಡರೆ ಮೊದಲು ಅವರ ಮನಸ್ಸನ್ನು ನೋಡಬೇಕು, ತಪ್ಪನ್ನು ಆಮೇಲೆ ಹೇಳಬಹುದು. ಕೋಟೆ ಬಿದ್ದಿದ್ದರೂ ಕಟ್ಟಿದವರ ಶ್ರಮ ಸುಳ್ಳಾಗುವುದಿಲ್ಲ. ಹೋದ ಮಕ್ಕಳು ಅಲ್ಲಿನ ಗೋಡೆಯ ಮೇಲೆ ಹೆಸರು ಗೀಚದೆ ಬಂದರೆ ನನಗೆ ಅಷ್ಟೇ ಸಾಕು.

ಅತ್ತೆ ಮಗ: ತಾತ ಇದ್ದಿದ್ದರೆ ಈ ವಾದವೇ ಏಳುತ್ತಿರಲಿಲ್ಲ. ಬುಡದ ವೀರಭದ್ರಸ್ವಾಮಿಗೆ ಕೈಮುಗಿದು, ಚಪ್ಪಲಿಯನ್ನು ಟವೆಲಿನಲ್ಲಿ ಕಟ್ಟಿಕೊಂಡು ಬರಿಗಾಲಲ್ಲೇ ಹತ್ತುತ್ತಿದ್ದರು. ತುದಿಯ ನಂದಿಯ ಹತ್ತಿರ ಕೂತ ಮೇಲೇ ನಮಗೆ ಚಕ್ಕುಲಿ ಸಿಗುತ್ತಿದ್ದದ್ದು.

ಅಕ್ಕ: ತಾತ ಬೇಸಿಗೆ ರಜೆಯಲ್ಲಿ ಬೆಳಿಗ್ಗೆ ಬೇಗ ಹತ್ತಿಸುತ್ತಿದ್ದರು. ಮಳೆಯಲ್ಲಿ ಒಮ್ಮೆಯೂ ಕರೆದುಕೊಂಡು ಹೋದವರಲ್ಲ.

ಚಿಕ್ಕಪ್ಪ: ಈ ಗುಂಪಿನಲ್ಲಿ ನಾನು ಏನು ಹಾಕಿದರೂ ನೀನು ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವಂತೆ ತಿದ್ದುತ್ತೀಯ. ಶಿವಗಂಗೆಗೆ ಹೋದಾಗಲೂ ಅರ್ಧ ದಾರಿಯಲ್ಲೇ ಎಲ್ಲರನ್ನೂ ಇಳಿಸಿಕೊಂಡು ಬಂದವಳು ನೀನೇ.

ಅಕ್ಕ: ಅಂದು ಗುಡುಗು ಶುರುವಾಗಿತ್ತು, ಬಯಲು ಬಂಡೆಯ ಮೇಲೆ ನಮಗಿಂತ ಎತ್ತರದ್ದು ಏನೂ ಇರಲಿಲ್ಲ.

ಅತ್ತೆ: ಇಳಿಯೋಣವೆಂದು ಮೊದಲು ಹೇಳಿದವಳು ನಾನು. ಅದನ್ನು ಇಷ್ಟು ವರ್ಷ ಅವಳ ತಲೆಗೆ ಕಟ್ಟಿರುವುದು ಸರಿಯಲ್ಲ.

ದೊಡ್ಡಪ್ಪ: ಹಳೆಯದನ್ನು ಈಗ ಕೆದಕಬೇಡಿ.

ಅಕ್ಕ: ಬಂಡೆ ಒದ್ದೆಯಾಗಿದ್ದರೆ ಗುಡಿಯಿಂದಲೇ ವಾಪಸು ಬರುತ್ತೇವೆಂದು ಚಿಕ್ಕಪ್ಪ ಇಲ್ಲಿ ಒಂದು ಸಾಲು ಬರೆದರೆ, ನನ್ನ ಮಗನನ್ನು ಭಾನುವಾರ ಖಂಡಿತ ಕಳುಹಿಸುತ್ತೇನೆ.

ಚಿಕ್ಕಪ್ಪ: ನಿನ್ನನ್ನೂ ಎತ್ತಿ ಆಡಿಸಿದವನು ನಾನು. ನನ್ನಿಂದ ಬರೆಸಿಕೊಂಡು ಮಗನನ್ನು ಕಳುಹಿಸುವುದಾದರೆ ಕಳುಹಿಸುವುದೇ ಬೇಡ.