ಪದಚರ್ಚೆ: ‘ಪಿಗ್ಮೆಂಟ್’ ಅಂದರೆ ಬಣ್ಣವೋ, ವರ್ಣದ್ರವ್ಯವೋ?

ಗೆಳೆಯರೇ,

ಸಿಹಿ ಮೆಕ್ಕೆಜೋಳದ ಪಿಗ್ಮೆಂಟ್‌ಗಳ, ಅಂದರೆ ಕಾಳಿಗೆ ಅದರ ಬಣ್ಣ ಕೊಡುವ ವಸ್ತುಗಳ ಬಗ್ಗೆ ಒಂದು ಪುಟ್ಟ ಲೇಖನ ಬರೆಯುತ್ತಿದ್ದೇನೆ. ಮೊದಲ ಸಾಲಲ್ಲೇ ಸಿಕ್ಕಿಬಿದ್ದೆ. ‘ಜೋಳದ ಹಳದಿ ಬಣ್ಣ ಕಣ್ಣಿಗೆ ಒಳ್ಳೆಯದು’ ಎಂದು ಬರೆದು ಅತ್ತೆಗೆ ತೋರಿಸಿದೆ. ‘ಅಯ್ಯೋ, ಜೋಳಕ್ಕೂ ಬಣ್ಣ ಹಾಕ್ತಾರಾ?’ ಅಂದರು.

ತಪ್ಪು ಅವರದ್ದಲ್ಲ. ಕಣ್ಣಿಗೆ ಕಾಣುವುದೂ ಬಣ್ಣವೇ, ಡಬ್ಬಿಯಲ್ಲಿ ಬರುವುದೂ ಬಣ್ಣವೇ. ತಿನ್ನುವ ವಸ್ತುವಿನ ಪಕ್ಕ ಆ ಪದ ಕೂತರೆ ಕಲಬೆರಕೆಯೇ ನೆನಪಾಗುತ್ತದೆ, ಅಲ್ವಾ?

ಸರಿ, ‘ವರ್ಣದ್ರವ್ಯ’ ಎಂದು ತಿದ್ದಿದೆ. ಪಠ್ಯಪುಸ್ತಕದ ಪದ, ಅರ್ಥ ಕರಾರುವಾಕ್ಕು. ಈ ಸಲ ಮಗ ಓದಿ, ‘ಅದು ನೀರಿನ ಥರ ಇರುತ್ತಾ?’ ಎಂದ. ದ್ರವ್ಯವನ್ನು ದ್ರವ ಅಂದುಕೊಂಡಿದ್ದ! ತಮಾಷೆ ಎಂದರೆ, ಹಳದಿ ಕಾಳಿನ ಲ್ಯೂಟಿನ್, ಝಿಯಾಕ್ಸಾಂಥಿನ್ ಎಂಬ ಪಿಗ್ಮೆಂಟ್‌ಗಳಿಗೂ ನೀರಿಗೂ ಆಗಿಬರುವುದೇ ಇಲ್ಲ. ಅವು ಜಿಡ್ಡಿನಲ್ಲಿ ಕರಗುವಂಥವು. ಬೇಯಿಸಿದರೂ ಕಾಳು ಹಳದಿಯಾಗಿಯೇ ಉಳಿಯುತ್ತದೆ. ನೇರಳೆ ತೆನೆಯ ಕಥೆ ಬೇರೆ. ಅದರ ಪಿಗ್ಮೆಂಟ್ ಆದ ಆಂಥೋಸಯಾನಿನ್ ಕಾಳಿನ ಹೊರಪದರಗಳಲ್ಲಿರುತ್ತದೆ, ನೀರಿನಲ್ಲಿ ಕರಗುತ್ತದೆ. ಪಾತ್ರೆಯ ನೀರೆಲ್ಲ ನೇರಳೆ. ಆಗ ನಮ್ಮ ಬಾಯಲ್ಲಿ ಬರುವ ಮಾತು ‘ಬಣ್ಣ ಬಿಡ್ತು’. ಹೊಸ ಸೀರೆಗೆ ಹೇಳುವ ಮಾತು! ಮತ್ತೆ ಅದೇ ಅನುಮಾನ.

ಝಿಯಾಕ್ಸಾಂಥಿನ್ ಎಂಬ ಹೆಸರು ಮಾತ್ರ ನನಗೆ ತುಂಬಾ ಹಿಡಿಸಿತು. ಮೆಕ್ಕೆಜೋಳದ ಸಸ್ಯಶಾಸ್ತ್ರದ ಹೆಸರು ಝಿಯಾ ಮೇಯ್ಸ್. ಗ್ರೀಕ್‌ನಲ್ಲಿ ಕ್ಸಾಂಥೋಸ್ ಎಂದರೆ ಹಳದಿ. ಸೇರಿಸಿದರೆ ‘ಜೋಳದ ಹಳದಿ’, ಅಷ್ಟೇ. ಇದೂ ಲ್ಯೂಟಿನ್ನೂ ನಮ್ಮ ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದ ನಡುವಿನ ಒಂದು ಸಣ್ಣ ಜಾಗದಲ್ಲಿ ಸೇರಿಕೊಂಡಿರುತ್ತವೆ. ಆ ಜಾಗ ಹಳದಿಯಾಗಿರುವುದು ಇವುಗಳಿಂದಲೇ. ಬೆಳಕನ್ನು ಗ್ರಹಿಸುವ ಕೋಶಗಳಿಗೆ ತಾಗುವ ಮೊದಲೇ ನೀಲಿ ಬೆಳಕನ್ನು ಒಂದಿಷ್ಟು ಹೀರಿಕೊಳ್ಳುತ್ತವೆ. ದೇಹ ತಾನೇ ಇವನ್ನು ತಯಾರಿಸಲಾರದು, ಊಟದಿಂದಲೇ ಬರಬೇಕು. ಹಾಗಂತ ಜೋಳ ತಿಂದರೆ ಕನ್ನಡಕ ಬಿಡಬಹುದು ಎಂದು ನಾನು ಬರೆಯುವವನಲ್ಲ. ಇನ್ನೊಂದು ಗೊಂದಲವೂ ಇದೆ. ಇವೆರಡೂ ‘ಎ’ ವಿಟಮಿನ್ ಆಗುವುದಿಲ್ಲ. ಆಗುವುದು ಅದೇ ಕಾಳಿನಲ್ಲಿ ಕಮ್ಮಿ ಇರುವ ಬೀಟಾ ಕ್ಯಾರೋಟಿನ್ ಮತ್ತು ಬೀಟಾ ಕ್ರಿಪ್ಟೋಕ್ಸಾಂಥಿನ್. ಎಲ್ಲವನ್ನೂ ಸುಮ್ನೆ ‘ಬಣ್ಣ’ ಎಂದುಬಿಟ್ಟರೆ ಈ ವ್ಯತ್ಯಾಸ ಹೇಳುವುದು ಹೇಗೆ?

ಸದ್ಯಕ್ಕೆ ‘ಬಣ್ಣದಂಶ’ ಎಂದು ಹಾಕಿಕೊಂಡಿದ್ದೇನೆ. ಕಬ್ಬಿಣದಂಶ, ಜಿಡ್ಡಿನಂಶ ಎಂದು ಹೇಗೂ ಹೇಳುತ್ತೇವಲ್ಲ. ಕಾಳಿನೊಳಗೇ ಇರುವುದು ಎಂಬ ಭಾವನೆಯೂ ಬರುತ್ತದೆ. ‘ಬಣ್ಣಕ’ ಎಂದೂ ಯೋಚಿಸಿದೆ, ಕಿವಿಗೆ ಹಿಡಿಸಲಿಲ್ಲ. ನೀವು ಏನು ಬಳಸುತ್ತೀರಿ?

ಹಾಗೆಯೇ, ರೆಟಿನಾದ ಆ ಜಾಗಕ್ಕೆ ಲ್ಯಾಟಿನ್‌ನಲ್ಲಿ ಮ್ಯಾಕುಲಾ ಲ್ಯೂಟಿಯಾ ಎನ್ನುತ್ತಾರೆ. ‘ಹಳದಿ ಚುಕ್ಕೆ’ ಎಂದು ಬರೆದರೆ ಓದುವವರಿಗೆ ಅದೇನೋ ಕಣ್ಣಿನ ಕಾಯಿಲೆ ಅನ್ನಿಸುವುದಿಲ್ಲವೇ?