ಸಹಾಯ ಬೇಕು: ವಾಚ್ ಬೆಲ್ಟಿನ 18 ಮಿ.ಮೀ. ಕ್ವಿಕ್ ರಿಲೀಸ್ ಪಿನ್ ಕಲಬುರಗಿಯಲ್ಲಿ ಎಲ್ಲಿ ಸಿಗುತ್ತದೆ?

ಎಲ್ಲರಿಗೂ ಶರಣು. ಅಪ್ಪ ಕಟ್ಟುತ್ತಿದ್ದ ಎಚ್‌ಎಂಟಿ ಜನತಾ ವಾಚು ಈಗ ನನ್ನ ಕೈಯಲ್ಲಿದೆ. ದಿನಾ ಚಾವಿ ಕೊಟ್ಟರೆ ಇವತ್ತಿಗೂ ಚೆನ್ನಾಗಿ ಓಡುತ್ತದೆ. ಆದರೆ ನಮ್ಮೂರಿನ ಬಿಸಿಲು ನಿಮಗೆ ಗೊತ್ತೇ ಇದೆ, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಚರ್ಮದ ಬೆಲ್ಟ್ ಬೆವರಿಗೆ ನೆನೆದು ವಾಸನೆ ಬರುತ್ತದೆ. ಬೇಸಿಗೆಗೆ ನೈಲಾನ್, ಮದುವೆ ಮುಂಜಿಗೆ ಚರ್ಮದ್ದು, ಹೀಗೆ ನಾನೇ ಬದಲಿಸಿಕೊಳ್ಳಬೇಕು ಅಂತ ಆಸೆ.

ಕಳೆದ ವಾರ ಸಣ್ಣ ಸ್ಕ್ರೂಡ್ರೈವರ್ ಹಾಕಿ, ಬೆಲ್ಟನ್ನು ವಾಚಿಗೆ ಹಿಡಿದಿಡುವ ಹಳೆ ಪಿನ್ ತೆಗೆಯಲು ಹೋದೆ. ಅದು ಜಾರಿ ಕೇಸಿನ ಮೇಲೆ ಗೀರು ಬಿತ್ತು. ತುಂಬಾ ಬೇಜಾರಾಯಿತು, ಅಪ್ಪನ ವಸ್ತು ಅಲ್ವಾ.

ಕ್ವಿಕ್ ರಿಲೀಸ್ ಪಿನ್‌ಗೆ ಪಕ್ಕದಲ್ಲಿ ಚಿಕ್ಕ ಗುಬುಟು ಇರುತ್ತದೆ. ಉಗುರಿನಿಂದ ಎಳೆದರೆ ಒಳಗಿನ ಸ್ಪ್ರಿಂಗ್ ಒತ್ತಿಕೊಂಡು ತುದಿ ಒಳಗೆ ಸರಿಯುತ್ತದೆ, ಬೆಲ್ಟ್ ಕಳಚಿ ಬರುತ್ತದೆ. ಯಾವ ಉಪಕರಣವೂ ಬೇಡ. ನನ್ನ ವಾಚಿನಲ್ಲಿ ಬೆಲ್ಟ್ ಕೂರುವ ಜಾಗ ಸ್ಕೇಲ್ ಇಟ್ಟು ಅಳೆದರೆ 18 ಮಿ.ಮೀ. ಬಂತು.

ಇಲ್ಲಿನ ಸೂಪರ್ ಮಾರ್ಕೆಟ್ ಏರಿಯಾ ಕಡೆ ಎರಡು ಮೂರು ಅಂಗಡಿ ಕೇಳಿದೆ, ಮಾಮೂಲಿ ಪಿನ್ ಮಾತ್ರ ಇದೆ ಅಂದರು. ಬಿಡಿ ಪಿನ್ ಇಲ್ಲಿ ಯಾರ ಹತ್ತಿರ ಸಿಗಬಹುದು? ಆನ್‌ಲೈನ್‌ನಲ್ಲಿ ತರಿಸುವುದಾದರೆ 1.5 ಮಿ.ಮೀ. ದಪ್ಪದ್ದು ಹಳೆ ವಾಚಿನ ತೂತಿಗೆ ಸರಿಯಾಗಿ ಕೂರುತ್ತದಾ? ಸಡಿಲವಾಗಿ ಬಸ್ಸಿನಲ್ಲಿ ಎಲ್ಲಾದರೂ ವಾಚು ಬಿದ್ದು ಹೋದರೆ ಅನ್ನುವುದೇ ನನ್ನ ದೊಡ್ಡ ಭಯ. ಇನ್ನೊಂದು, ಗುಬುಟು ಹೊರಗೆ ಬರಲು ಬೆಲ್ಟಿನ ಹಿಂಭಾಗದಲ್ಲಿ ಸೀಳು ಬೇಕು. ಮಾಮೂಲಿ ಚರ್ಮದ ಬೆಲ್ಟಿಗೆ ಬ್ಲೇಡಿನಿಂದ ಮನೆಯಲ್ಲೇ ಸೀಳು ಮಾಡಿದವರು ಯಾರಾದರೂ ಇದ್ದೀರಾ? ಎಷ್ಟು ಕೊಯ್ಯಬೇಕು ಅಂತ ಫೋಟೋ ಹಾಕಿದರೆ ದೊಡ್ಡ ಉಪಕಾರ.